ಹತ್ತು ಪೈಸೆ ವ್ಯತ್ಯಾಸ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೆರಡು ಜನ ಇದ್ದೀವಿ. ಚಾಮರಾಜಪೇಟೆಯ ಚಿಕ್ಕಪ್ಪ ಅದರ ಅಘೋಷಿತ ಸಂಪಾದಕರು. ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಅವರು ಒಂದು ಫಾರ್ವರ್ಡ್ ಹಾಕಿದರು. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಅಂತ ವಿಜ್ಞಾನಿಗಳಿಗೇ ಗೊತ್ತಿಲ್ಲ, ಒಬ್ಬರು 67 ಅಂತಾರೆ, ಇನ್ನೊಬ್ಬರು 73 ಅಂತಾರೆ ಅನ್ನೋದು ಅದರ ಸಾರಾಂಶ. ಕೆಳಗೆ ಚಿಕ್ಕಪ್ಪನ ಸ್ವಂತ ಷರಾ: "ಇದಕ್ಕೆ ನಮ್ಮ ತೆರಿಗೆ ದುಡ್ಡು!" ಹನ್ನೊಂದು ಜನ ಹೆಬ್ಬೆರಳು ಎತ್ತಿದರು.

ನಾನು ಉದ್ದದ ಉತ್ತರ ಟೈಪ್ ಮಾಡಿದೆ. ಕಳಿಸೋ ಮುಂಚೆ ಅಳಿಸಿಬಿಟ್ಟೆ. ಉತ್ತರ ಗೊತ್ತಿತ್ತು, ಆದರೆ ಕೊಡೋ ಯೋಗ್ಯತೆ ನನಗಿರಲಿಲ್ಲ. ಯಾಕೆ ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಆ 67 ಮತ್ತು 73ರ ವಿಷಯ ಮುಗಿಸಿಬಿಡೋಣ. ಯಾಕಂದ್ರೆ ಆ ಫಾರ್ವರ್ಡ್ ನೋಡಿ ನಕ್ಕವರಲ್ಲಿ ನನ್ನ ಚಿಕ್ಕಪ್ಪ ಒಬ್ಬರೇ ಇಲ್ಲ. ದಿನಕ್ಕೆ ಹತ್ತು ಗಂಟೆ ಅಂಕಿಅಂಶಗಳ ಜೊತೆಗೇ ಬದುಕುವ ನಿಮ್ಮಂಥ, ನನ್ನಂಥ ಐಟಿ ಮಂದಿಯೂ ನಕ್ಕಿದ್ದಾರೆ. ನನ್ನ ಜಗಳ ಮುಖ್ಯವಾಗಿ ಇರೋದು ನಮ್ಮ ಜೊತೆಗೇ.

ವಿಶ್ವ ಹಿಗ್ಗುತ್ತಿದೆ. ನಮ್ಮಿಂದ ದೂರ ಇರುವ ಗೆಲಾಕ್ಸಿಗಳು ಇನ್ನೂ ದೂರ ಸರೀತಿವೆ, ದೂರ ಹೆಚ್ಚಾದಷ್ಟೂ ಸರಿಯುವ ವೇಗ ಹೆಚ್ಚು. ಒಂದು ಮೆಗಾಪಾರ್ಸೆಕ್ ದೂರಕ್ಕೆ, ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷಕ್ಕೆ, ಸೆಕೆಂಡಿಗೆ ಎಷ್ಟು ಕಿಲೋಮೀಟರ್ ವೇಗ ಕೂಡುತ್ತದೆ ಅನ್ನೋದೇ ಹಬಲ್ ಸ್ಥಿರಾಂಕ. ವಿಶ್ವದ ಬಾಲ್ಯದಿಂದ ಬಂದ ಮೈಕ್ರೋವೇವ್ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ತಂಡ 2018ರಲ್ಲಿ ಕೊಟ್ಟ ಅಂತಿಮ ಲೆಕ್ಕ 67.4, ಪ್ಲಸ್ ಆರ್ ಮೈನಸ್ 0.5. ಹತ್ತಿರದ ನಕ್ಷತ್ರಗಳಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಸೂಪರ್‌ನೋವಾಗಳವರೆಗೆ ದೂರ ಅಳೆದ ಆಡಂ ರೀಸ್ ಅವರ ತಂಡ 2022ರಲ್ಲಿ ಕೊಟ್ಟಿದ್ದು 73.04, ಪ್ಲಸ್ ಆರ್ ಮೈನಸ್ 1.04.

ಫಾರ್ವರ್ಡ್ ಬರೆದ ಮಹಾನುಭಾವರು ಈ ಎರಡು ಸಂಖ್ಯೆಗಳ ಬಾಲಗಳನ್ನು ಕತ್ತರಿಸಿ ಹಾಕಿದ್ದರು. ಬಾಲ ಇಲ್ಲದೆ ಓದಿದರೆ ಇಬ್ಬರು ಜಗಳ ಆಡ್ತಿರೋ ಹಾಗೆ ಕಾಣುತ್ತೆ. ಬಾಲದ ಜೊತೆ ಓದಿದರೆ ಕಥೆ ಬೇರೆ. ಒಬ್ಬೊಬ್ಬರೂ "ನಾವು ಎಷ್ಟರ ಮಟ್ಟಿಗೆ ತಪ್ಪಿರಬಹುದು" ಅಂತ ಲೆಕ್ಕ ಹಾಕಿ ಹೇಳಿದ್ದಾರೆ, ಹಾಗೆ ಹೇಳಿದ ಮೇಲೂ ಎರಡು ಲೆಕ್ಕ ಒಂದಕ್ಕೊಂದು ಮುಟ್ಟುತ್ತಿಲ್ಲ. ಎಲ್ಲೋ ಏನೋ ಇದೆ. ಅಳತೆಯಲ್ಲಿ ತಪ್ಪಿರಬಹುದು, ಇಲ್ಲಾ ವಿಶ್ವದ ಬಗ್ಗೆ ನಮಗೆ ಗೊತ್ತಿಲ್ಲದ್ದು ಏನಾದರೂ ಇರಬಹುದು. ಆ ಬಾಲಗಳಿಲ್ಲದಿದ್ದರೆ ವ್ಯತ್ಯಾಸ ಇದೆ ಅಂತಲೇ ಗೊತ್ತಾಗ್ತಿರಲಿಲ್ಲ. 67 ಮತ್ತು 73, ಹೆಚ್ಚೂಕಮ್ಮಿ ಎಪ್ಪತ್ತು ಅಂದ್ಕೊಂಡು ಎಲ್ಲರೂ ಮನೆಗೆ ಹೋಗ್ತಿದ್ದರು.

ಇಂಥ ಹೊತ್ತಿನಲ್ಲಿ ಮೂರನೆಯ ಸಾಕ್ಷಿ ಬೇಕಾಗುತ್ತೆ. ಆ ಮೆಟ್ಟಿಲುಗಳನ್ನೂ ನಂಬದ, ವಿಶ್ವದ ಬಾಲ್ಯದ ಬೆಳಕನ್ನೂ ಕೇಳದ ಸಾಕ್ಷಿ. ಅದು ಗುರುತ್ವ ಮಸೂರ.

ದೂರದಲ್ಲೊಂದು ಕ್ವೇಸಾರ್ ಇದೆ ಅನ್ಕೊಳ್ಳಿ, ಅಂದರೆ ದೈತ್ಯ ಕಪ್ಪುಕುಳಿಯೊಂದು ಸುತ್ತಲಿನ ಅನಿಲವನ್ನು ನುಂಗುವಾಗ ಹೊಳೆಯುವ ಗೆಲಾಕ್ಸಿಯ ನಡುಭಾಗ. ಅದಕ್ಕೂ ನಮಗೂ ನಡುವೆ, ಸರಿಯಾಗಿ ಅಡ್ಡಲಾಗಿ, ಇನ್ನೊಂದು ಗೆಲಾಕ್ಸಿ ಕೂತಿದೆ. ಅದರ ಗುರುತ್ವ ಬೆಳಕನ್ನು ಬಾಗಿಸುತ್ತೆ. ಹಾಗಾಗಿ ಒಂದೇ ಕ್ವೇಸಾರಿನ ಬೆಳಕು ಎರಡು ದಾರಿ ಹಿಡಿದು ಬಂದು ಎರಡು ಬಿಂಬವಾಗಿ ಕಾಣುತ್ತೆ. ಗಾಂಧಿಬಜಾರಿನಲ್ಲಿ ಕಾಫಿ ಬೈಟು ಆಗೋ ಹಾಗೆ. ಆದರೆ ಎರಡೂ ಲೋಟ ಒಟ್ಟಿಗೆ ಟೇಬಲ್ಲಿಗೆ ಬರಲ್ಲ.

ಹೇಗೆ ಅಂತ ನಮ್ಮೂರಲ್ಲೇ ನೋಡೋಣ. ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಿಂದ ಎರಡು ಆಟೋ ಒಂದೇ ಕ್ಷಣಕ್ಕೆ ಗಾಂಧಿಬಜಾರಿಗೆ ಹೊರಟವು. ಒಂದು ಶೇಷಾದ್ರಿಪುರ, ಮೆಜೆಸ್ಟಿಕ್ ಮೇಲೆ. ಇನ್ನೊಂದು ರಾಜಾಜಿನಗರ, ಮಾಗಡಿ ರಸ್ತೆ, ಚಾಮರಾಜಪೇಟೆ ಮೇಲೆ. ಎರಡರ ವೇಗವೂ ಒಂದೇ, ಗಂಟೆಗೆ 18 ಕಿಲೋಮೀಟರ್ (ಬೆಂಗಳೂರಿನಲ್ಲಿ ಇದನ್ನು ಕಲ್ಪನೆ ಅಂತಲೇ ತಗೊಳ್ಳಿ). ನಿಮ್ಮ ಕೈಯಲ್ಲಿ ಒಂದು ನಕ್ಷೆ ಇದೆ, ಆಕಾರವೆಲ್ಲ ಸರಿಯಾಗಿದೆ, ಆದರೆ ಎಷ್ಟು ಸೆಂಟಿಮೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋದು ಮಾತ್ರ ಬರೆದಿಲ್ಲ. ನಕ್ಷೆ ಪ್ರಕಾರ ಎರಡನೇ ದಾರಿ ಮೊದಲನೆಯದಕ್ಕಿಂತ ಹತ್ತನೇ ಒಂದು ಭಾಗ ಉದ್ದ. ಎರಡನೇ ಆಟೋ ಮೂರು ನಿಮಿಷ ತಡವಾಗಿ ಬಂತು. ಆ ಮೂರು ನಿಮಿಷ ಮೊದಲ ದಾರಿಯ ಹತ್ತನೇ ಒಂದು ಭಾಗ ಅಂದಮೇಲೆ ಮೊದಲ ದಾರಿ ಮೂವತ್ತು ನಿಮಿಷದ್ದು, ಅಂದರೆ 9 ಕಿಲೋಮೀಟರ್. ನಕ್ಷೆಗೆ ಅಳತೆ ಸಿಕ್ಕಿಬಿಡ್ತು! ಟೇಪು ಹಿಡಿದು ರಸ್ತೆಗೆ ಇಳಿಯಲಿಲ್ಲ, ತಡ ಎಷ್ಟು ಅಂತ ನೋಡಿದ್ದಷ್ಟೇ.

ಆಕಾಶದಲ್ಲೂ ಇದೇ ಲೆಕ್ಕ. ಬಿಂಬಗಳು ಎಲ್ಲೆಲ್ಲಿವೆ ಅನ್ನೋದು ನಕ್ಷೆಯ ಆಕಾರ ಕೊಡುತ್ತೆ. ಕ್ವೇಸಾರು ಒಂದೇ ಸಮ ಉರಿಯಲ್ಲ, ಮಂಕಾಗಿ ಮತ್ತೆ ಹೊಳೆಯುತ್ತಿರುತ್ತೆ. ಒಂದು ಬಿಂಬದಲ್ಲಿ ಕಂಡ ಮಿನುಗು ಇನ್ನೊಂದರಲ್ಲಿ ಎಷ್ಟು ದಿನದ ಮೇಲೆ ಕಾಣುತ್ತೆ ಅಂತ ಕಾದರೆ ತಡ ಸಿಗುತ್ತೆ, ಅದರಿಂದ ದೂರ ಸಿಗುತ್ತೆ. ವಿಶ್ವದ ಹಿಗ್ಗುವಿಕೆಯಿಂದ ಬೆಳಕು ಎಷ್ಟು ಕೆಂಪಿಗೆ ಸರಿದಿದೆ ಅನ್ನೋದು ಮೊದಲೇ ಗೊತ್ತಿರುತ್ತೆ. ಎರಡನ್ನೂ ಸೇರಿಸಿದರೆ ಹಿಗ್ಗುವ ದರ. ತಡ ಹೆಚ್ಚಿದ್ದರೆ ದೂರ ದೊಡ್ಡದು, ದರ ಚಿಕ್ಕದು. ಒಂದು ತೊಡಕೂ ಇದೆ. ಮೆಜೆಸ್ಟಿಕ್ ಹೊಕ್ಕ ಆಟೋ ಅಲ್ಲಿನ ನೂಕುನುಗ್ಗಲಿನಲ್ಲಿ ನಿಧಾನ ಆಗೋ ಹಾಗೆ, ಗುರುತ್ವದ ಆಳಕ್ಕೆ ಹೊಕ್ಕ ಬೆಳಕೂ ತಡವಾಗುತ್ತೆ. ಆದ್ದರಿಂದ ನಡುವಿನ ಗೆಲಾಕ್ಸಿಯಲ್ಲಿ ದ್ರವ್ಯ ಹೇಗೆ ಹರಡಿದೆ ಅಂತ ಗೊತ್ತಿರಬೇಕು. ಈ ತೊಡಕು ಆಮೇಲೆ ಮತ್ತೆ ಬರುತ್ತೆ, ನೆನಪಿಟ್ಟಿರಿ.

ನಾರ್ವೆಯ ಸ್ಯೂರ್ ರೆಫ್ಸ್‌ಡಾಲ್ ಈ ಉಪಾಯ ಬರೆದದ್ದು 1964ರಲ್ಲಿ. ಆಗ ಜಗತ್ತಿನಲ್ಲಿ ಯಾರೂ ಒಂದೇ ಒಂದು ಗುರುತ್ವ ಮಸೂರ ನೋಡಿರಲಿಲ್ಲ. ಮೊದಲ ಜೋಡಿ ಕ್ವೇಸಾರ್ ಸಿಕ್ಕಿದ್ದು 1979ರಲ್ಲಿ. ಅದರ ತಡ ಎಷ್ಟು ಅನ್ನೋದರ ಮೇಲೆ ವರ್ಷಾನುಗಟ್ಟಲೆ ಜಗಳ. ಒಂದು ಗುಂಪು ಸುಮಾರು 415 ದಿನ ಅಂತು, ಇನ್ನೊಂದು 536 ಅಂತು. ಇತ್ಯರ್ಥ ಆದದ್ದು ಹೇಗೆ ಗೊತ್ತಾ? 1994ರ ಡಿಸೆಂಬರಿನಲ್ಲಿ ಮೊದಲ ಬಿಂಬ ಇದ್ದಕ್ಕಿದ್ದಂತೆ ಮಂಕಾಯಿತು. 415 ಸರಿಯಾಗಿದ್ದರೆ 1996ರ ಫೆಬ್ರವರಿಯಲ್ಲಿ ಎರಡನೆಯದೂ ಮಂಕಾಗಬೇಕು ಅಂತ ಮುಂಚಿತವಾಗಿ ಹೇಳಿ ಕಾದರು. ಆಯಿತು. ಈಗ ಎಲ್ಲರೂ ಒಪ್ಪುವ ಲೆಕ್ಕ 417 ದಿನ. ಯಾರ ಹುದ್ದೆ ದೊಡ್ಡದು, ಯಾರ ಸ್ಲೈಡು ಚೆನ್ನಾಗಿತ್ತು ಅಂತ ಯಾರೂ ಕೇಳಲಿಲ್ಲ.

ಇದೆಲ್ಲ ಎಲ್ಲೋ ಅಮೆರಿಕದಲ್ಲಿ ನಡೆಯೋದು ಅಂದ್ಕೊಂಡಿದ್ದರೆ, ಕೋರಮಂಗಲ ಎರಡನೇ ಬ್ಲಾಕಿಗೆ ಬನ್ನಿ. ಭಾರತೀಯ ಖಭೌತ ಸಂಸ್ಥೆ ಇರುವುದು ಅಲ್ಲೇ, ನಮ್ಮಲ್ಲಿ ಎಷ್ಟೋ ಜನ ಕೆಲಸ ಮಾಡುವ, ಬಿಯರ್ ಕುಡಿಯುವ ಏರಿಯಾದಲ್ಲೇ. ಅವರ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅದನ್ನು ನಡೆಸೋದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ಎಸ್‌ಡಿಎಸ್‌ಎಸ್ ಜೆ1001+5027 ಅಂತ ಬಾಯಿಗೆ ಬಾರದ ಹೆಸರಿನ ಒಂದು ಜೋಡಿ ಕ್ವೇಸಾರ್ ಇದೆ. ಇಲ್ಲಿನವರು ಯುರೋಪು, ಉಜ್ಬೇಕಿಸ್ತಾನದ ಗೆಳೆಯರ ಜೊತೆ ಸೇರಿ ಮೂರು ದೂರದರ್ಶಕಗಳಿಂದ 2005ರ ಮಾರ್ಚಿನಿಂದ 2011ರ ಜುಲೈವರೆಗೆ ಅದನ್ನು ನೋಡಿದರು. ಆರು ವರ್ಷ ಮೀರಿ, 443 ಸಲ. ತಡವನ್ನು ಐದು ಬೇರೆ ಬೇರೆ ವಿಧಾನದಿಂದ ಲೆಕ್ಕ ಹಾಕಿದರು. ಒಂದು ವಿಧಾನವನ್ನು ಆ ಕೆಲಸಕ್ಕೆಂದೇ ಹೊಸದಾಗಿ ಕಟ್ಟಿದರು. ಐದೂ ಒಂದಕ್ಕೊಂದು ಹೊಂದಿದ ಮೇಲೆ 2013ರಲ್ಲಿ ಪ್ರಕಟಿಸಿದರು: 119.3 ದಿನ, ಪ್ಲಸ್ ಆರ್ ಮೈನಸ್ 3.3. ಸುಮಾರು ಸಾವಿರ ಕೋಟಿ ವರ್ಷ ಪಯಣಿಸಿ ಬಂದ ಬೆಳಕು ಅದು. ಎರಡು ದಾರಿಯ ನಡುವಿನ ವ್ಯತ್ಯಾಸ ನಾಲ್ಕು ತಿಂಗಳು!

ಆ ಪ್ರಬಂಧದ ಮೊದಲ ಲೇಖಕ ಎಸ್. ರತ್ನಕುಮಾರ್. ಅವರು ಸಿ.ಎಸ್. ಸ್ಟಾಲಿನ್ ಮತ್ತು ಟಿ.ಪಿ. ಪ್ರಭು ಅವರ ಜೊತೆ ಇನ್ನೊಂದು ಕೆಲಸ ಮಾಡಿದರು. ತಡ ಅಳೆದಿದ್ದಾರೆ ಅಂತ ಪ್ರಕಟವಾಗಿದ್ದ 24 ಮಸೂರಗಳ ದತ್ತಾಂಶವನ್ನು ಒಂದೇ ವಿಧಾನದಿಂದ ಮತ್ತೆ ಸೋಸಿದರು. ಭರವಸೆಯ ಹತ್ತನ್ನು ಇಟ್ಟುಕೊಂಡು ಹಬಲ್ ಸ್ಥಿರಾಂಕ ಲೆಕ್ಕ ಹಾಕಿದರು. 2015ರಲ್ಲಿ ಬಂದ ಉತ್ತರ: 68.1, ಪ್ಲಸ್ ಆರ್ ಮೈನಸ್ 5.9.

ಈಗ ಬಾಲ ನೋಡಿ. 68.1ರಿಂದ 5.9 ಕಳೆದರೆ 62.2, ಕೂಡಿದರೆ 74. ಆ ವ್ಯಾಪ್ತಿಯೊಳಗೆ 67ಕ್ಕೂ ಜಾಗ ಇದೆ, 73ಕ್ಕೂ ಜಾಗ ಇದೆ. ಅಂದರೆ ಇವರ ಅಳತೆ ಜಗಳ ಬಿಡಿಸಲ್ಲ. ವರ್ಷಗಟ್ಟಲೆ ಕೆಲಸ ಮಾಡಿ, "ಇಷ್ಟು ದತ್ತಾಂಶದಿಂದ ಇಷ್ಟೇ ಹೇಳೋಕೆ ಆಗೋದು" ಅಂತ ತಮ್ಮ ಹೆಸರು ಹಾಕಿ ಪ್ರಕಟಿಸಿದರು. ನಮ್ಮ ಆಫೀಸುಗಳಲ್ಲಿ ಇಂಥ ಸ್ಲೈಡು ಇಟ್ಟರೆ ಏನಾಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. "ಸೋ, ವಾಟ್ಸ್ ದ ನಂಬರ್?" ಅಂತಾರೆ. ವ್ಯಾಪ್ತಿ ಹೇಳಿದವನು ಮೀಟಿಂಗಿಗೆ ತಯಾರಾಗಿ ಬಂದಿಲ್ಲ ಅಂತ ತೀರ್ಮಾನ.

ಇದಕ್ಕಿಂತ ದೊಡ್ಡ ಕಥೆ ಇನ್ನೊಂದಿದೆ. ಹೋಲಿಕೌ ಅನ್ನೋ ಅಂತರರಾಷ್ಟ್ರೀಯ ತಂಡ ಈ ಮಸೂರಗಳಿಂದ ಇದೇ ದರ ಅಳೆಯುವಾಗ, ಮೊದಲ ಮಸೂರ ಬಿಟ್ಟು ಉಳಿದವುಗಳಲ್ಲಿ, ಉತ್ತರವನ್ನು ತಮ್ಮಿಂದಲೇ ಮುಚ್ಚಿಟ್ಟುಕೊಂಡಿತು. ಕಂಪ್ಯೂಟರಿಗೆ ಸಂಖ್ಯೆ ಗೊತ್ತು, ಪರದೆ ಮೇಲೆ ಮಾತ್ರ ಬರದ ಹಾಗೆ ಮಾಡಿದ್ದರು. ಮಾದರಿ ಸರಿಯಿದೆಯಾ, ತಪ್ಪುಗಳ ಪಟ್ಟಿ ಮುಗಿಯಿತಾ ಅಂತೆಲ್ಲ ನೋಡಿ, ಇನ್ನು ಏನೂ ಬದಲಾಯಿಸಲ್ಲ ಅಂತ ಒಪ್ಪಿಕೊಂಡ ಮೇಲೇ ಮುಸುಕು ತೆಗೆಯುತ್ತಿದ್ದರು. ಬಂದದ್ದು ಏನೇ ಇರಲಿ, ಹಾಗೇ ಪ್ರಕಟಿಸೋದು. ಯಾಕೆ ಈ ವ್ರತ? ಬೇಕಾದ ಉತ್ತರ ಬಂದ ಕೂಡಲೇ ತಪ್ಪು ಹುಡುಕೋದನ್ನ ನಿಲ್ಲಿಸೋದು ಮನುಷ್ಯನ ಸ್ವಭಾವ ಅಂತ ಅವರಿಗೆ ಗೊತ್ತು. ಬೇಡದ ಉತ್ತರ ಬಂದರೆ ಬೆಳಗಿನವರೆಗೂ ತಪ್ಪು ಹುಡುಕ್ತೀವಿ, ಬೇಕಾದ್ದು ಬಂದರೆ ಆರು ಗಂಟೆಗೆ ಲಾಗೌಟ್.

ಆರು ಮಸೂರಗಳಿಂದ ಅವರಿಗೆ ಬಂದ ಉತ್ತರ 73.3, ತಪ್ಪು ಎರಡೂವರೆ ಶೇಕಡಾಕ್ಕಿಂತ ಕಡಿಮೆ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅಲ್ಲಿಗೇ ನಿಲ್ಲಿಸಿ ಸನ್ಮಾನ ಮಾಡಿಸಿಕೊಂಡು ಓಡಾಡಬಹುದಿತ್ತು. ಆದರೆ 2020ರಲ್ಲಿ, ಅದೇ ತಂಡದ ಅನೇಕರು ಇದ್ದ ಟಿಡಿಕಾಸ್ಮೋ ಗುಂಪು ತನ್ನದೇ ಲೆಕ್ಕದ ಬುಡಕ್ಕೆ ಕೈ ಹಾಕಿತು. ನೆನಪಿಟ್ಟಿರಿ ಅಂದೆನಲ್ಲ, ಆ ತೊಡಕು ಇಲ್ಲಿ ಬಂತು. ನಡುವಿನ ಗೆಲಾಕ್ಸಿಯ ದ್ರವ್ಯ ಇಂಥದೇ ಆಕಾರದಲ್ಲಿ ಹರಡಿದೆ ಅಂತ ಮೊದಲು ಊಹಿಸಿಕೊಂಡಿದ್ದರು. ದ್ರವ್ಯದ ಹಂಚಿಕೆಯಲ್ಲಿ ಒಂದು ಬಗೆಯ ಬದಲಾವಣೆ ಆದರೆ ಬಿಂಬಗಳ ಚಿತ್ರ ಒಂದಿಷ್ಟೂ ಕದಲದೆ ತಡ ಮಾತ್ರ ಬದಲಾಗಿಬಿಡುತ್ತೆ. ಚಿತ್ರ ನೋಡಿ ಕಂಡುಹಿಡಿಯೋಕೆ ಸಾಧ್ಯವೇ ಇಲ್ಲ. "ಆ ಊಹೆಯನ್ನು ಬಿಟ್ಟುಬಿಟ್ಟರೆ ಏನಾಗುತ್ತೆ?" ಅಂತ ಕೇಳಿಕೊಂಡರು. ಏಳು ಮಸೂರಗಳಿಂದ ಉತ್ತರ 74.5 ಆಯಿತು, ಬಾಲ ಮಾತ್ರ ಸುಮಾರು ಎಂಟು ಶೇಕಡಾಕ್ಕೆ ಉದ್ದವಾಯಿತು. ಇನ್ನಷ್ಟು ಮಸೂರ ಗೆಲಾಕ್ಸಿಗಳ ಮಾಹಿತಿ ಸೇರಿಸಿದಾಗ ಉತ್ತರ 67.4ಕ್ಕೆ ಇಳಿಯಿತು, ಬಾಲ ಸುಮಾರು ಐದು ಶೇಕಡಾ. ಅದನ್ನೂ ಪ್ರಕಟಿಸಿದರು.

ಸ್ವಲ್ಪ ಯೋಚನೆ ಮಾಡಿ. ಯಾರೂ ಬಲವಂತ ಮಾಡದೆ, ತನ್ನ ಹಳೆಯ ಲೆಕ್ಕಕ್ಕಿಂತ ಹೊಸ ಲೆಕ್ಕ ಕಡಿಮೆ ಖಚಿತ ಅಂತ ಬರೆದುಕೊಡುವವರನ್ನ ನೀವು ನಿಮ್ಮ ವೃತ್ತಿಯಲ್ಲಿ ಎಷ್ಟು ಜನ ನೋಡಿದ್ದೀರಿ? ನಾನು ಒಬ್ಬರನ್ನೂ ನೋಡಿಲ್ಲ. ಆ ಒಬ್ಬ ನಾನೂ ಆಗಿರಲಿಲ್ಲ.

ಆ ಭಾನುವಾರ ಸಂಜೆ ಚಾಮರಾಜಪೇಟೆಗೆ ಹೋದೆ. ಚಿಕ್ಕಪ್ಪ ನಿವೃತ್ತ ಬ್ಯಾಂಕ್ ಕ್ಯಾಷಿಯರ್. ಜಗಲಿ ಮೇಲೆ ಕೂತು ಕಾಫಿ ಕುಡೀತಾ ನಾನು ಇಷ್ಟೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಎಲ್ಲಾ ಸರಿನಪ್ಪ," ಅಂದರು. "ಆದ್ರೆ ಲೆಕ್ಕ ಅಂದ್ಮೇಲೆ ಲೆಕ್ಕ. ನಮ್ ಕಾಲದಲ್ಲಿ ಸಂಜೆ ಕ್ಯಾಷ್ ತಾಳೆ ಆಗ್ಬೇಕಾದ್ರೆ ಹತ್ತು ಪೈಸೆ ಕಮ್ಮಿ ಬಂದ್ರೂ ಮನೆಗೆ ಹೋಗ್ತಿರ್ಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತಿದ್ದೀನಿ. ನಿಮ್ಮ ಚಿಕ್ಕಮ್ಮನ್ನ ಕೇಳು."

"ಚಿಕ್ಕಪ್ಪ, ಬರೀ ಹತ್ತು ಪೈಸೆ ತಾನೇ? ಜೇಬಿಂದ ತೆಗೆದು ಹಾಕಿಬಿಡಬಹುದಿತ್ತಲ್ಲ?"

ಅವರು ನನ್ನನ್ನ ನೋಡಿದ ರೀತಿ ಇನ್ನೂ ಮರೆತಿಲ್ಲ. "ಹಾಕ್ಬಿಟ್ರೆ? ಆ ಹತ್ತು ಪೈಸೆ ಎಲ್ಲಿಂದ ಬಂತು ಅಂತ ಯಾವತ್ತಿಗೂ ಗೊತ್ತಾಗಲ್ಲವಲ್ಲೋ. ಒಂದ್ಸಲ ಏನಾಯ್ತು ಗೊತ್ತಾ, ಸಾವಿರದ ಒಂದು ವೋಚರ್ ಎರಡು ಸಲ ಏರ್ಸಿದ್ವಿ, ಇನ್ನೊಂದು ಕಡೆ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆದು ಬಿಟ್ಟೇಹೋಗಿತ್ತು. ಒಂದಕ್ಕೊಂದು ವಜಾ ಆಗಿ ಹತ್ತೇ ಪೈಸೆ ತೋರಿಸ್ತಿತ್ತು. ಜೇಬಿಂದ ಹಾಕಿದ್ರೆ ಎರಡೂ ತಪ್ಪು ಪುಸ್ತಕದಲ್ಲೇ ಉಳೀತಿದ್ವು."

"ಈಗ ಹೇಳಿ," ಅಂದೆ. "67ಕ್ಕೂ 73ಕ್ಕೂ ತಾಳೆ ಆಗ್ತಿಲ್ಲ ಅಂತ ಮನೆಗೆ ಹೋಗದೆ ಕೂತಿರೋರನ್ನ ನೋಡಿ ನೀವು ನಕ್ಕಿದ್ದು ಸರೀನಾ?"

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾಫಿ ಲೋಟ ಕೆಳಗಿಟ್ಟು, "ನಿಮ್ಮ ಕಂಪನಿ ಲೆಕ್ಕಕ್ಕೆ ಪ್ಲಸ್ ಮೈನಸ್ ಎಷ್ಟೋ?" ಅಂದರು. ಅವರಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಕೇಳಿದ್ದು.

ಈಗ ಹೇಳ್ತೀನಿ. ನಾನು ಒಂದು ಕಂಪನಿಯಲ್ಲಿ ಡೇಟಾ ಅನಲಿಸ್ಟ್. ಹೋದ ವರ್ಷ ಒಂದು ಕೆಲಸ ಬಂತು. ಗ್ರಾಹಕರ ಕರೆಗಳಿಗೆ ಉತ್ತರ ಕೊಡೋಕೆ ಹೊಸ ಚಾಟ್‌ಬಾಟ್ ತಂದರೆ ಕರೆಗಳು ಎಷ್ಟು ಶೇಕಡಾ ಕಮ್ಮಿ ಆಗುತ್ತೆ ಅಂತ ಅಂದಾಜು ಹಾಕಬೇಕು. ಮೊದಲ ಸಲ ನನಗೆ ಬಂದದ್ದು 14. ವ್ಯಾಪ್ತಿ 3ರಿಂದ 25. ಮಂಜೂರಾತಿಗೆ ಬೇಕಿದ್ದದ್ದು 20. ಮ್ಯಾನೇಜರು ಕೆಟ್ಟವರಲ್ಲ, ಬೈಯಲಿಲ್ಲ. "ಇನ್ನೊಂದ್ಸಲ ನೋಡು, ಏನಾದ್ರೂ ಬಿಟ್ಟುಹೋಗಿದೆಯಾ" ಅಂದರು ಅಷ್ಟೇ. ನೋಡಿದೆ. ದಸರಾ, ದೀಪಾವಳಿಯ ಎರಡು ವಾರ ಕರೆಗಳು ವಿಪರೀತ ಇದ್ದವು. ಅವು "ಸಹಜವಲ್ಲ" ಅಂತ ತೆಗೆದುಹಾಕಿದೆ. 21 ಬಂತು. ಅಲ್ಲಿಗೆ ನಿಲ್ಲಿಸಿದೆ. ವ್ಯಾಪ್ತಿ ಸ್ಲೈಡಿಗೆ ಹೋಗಲಿಲ್ಲ. ಆ 21ರ ಮೇಲೆ ಹನ್ನೊಂದು ಜನರ ಒಂದು ತಂಡವನ್ನು ಕೈಬಿಟ್ಟರು. ಮೂರು ತಿಂಗಳ ಮೇಲೆ ನೋಡಿದರೆ ಕರೆಗಳು ಕಮ್ಮಿಯಾಗಿದ್ದು 6 ಶೇಕಡಾ. ನನ್ನ ಮೊದಲ ವ್ಯಾಪ್ತಿಯ ಒಳಗೇ ಇತ್ತು, ಸ್ಲೈಡಿನಲ್ಲಿದ್ದ ಸಂಖ್ಯೆಯ ಹತ್ತಿರಕ್ಕೂ ಇರಲಿಲ್ಲ. ಯಾರೂ ನನ್ನ ಕೇಳಲಿಲ್ಲ. ಆ ಹನ್ನೊಂದು ಜನರಲ್ಲಿ ಒಬ್ಬರು ಆಗಾಗ ನ್ಯಾಷನಲ್ ಕಾಲೇಜ್ ಮೆಟ್ರೋ ನಿಲ್ದಾಣದಲ್ಲಿ ಸಿಗ್ತಾರೆ. "ಚೆನ್ನಾಗಿದ್ದೀರಾ ಸರ್" ಅಂತ ಅವರೇ ಮೊದಲು ಮಾತಾಡಿಸ್ತಾರೆ.

ನಾನು ಹತ್ತು ಪೈಸೆ ಜೇಬಿನಿಂದ ಹಾಕಿ ತಾಳೆ ಮಾಡಿದ್ದೆ. ಅದೂ ನನ್ನ ಜೇಬಿನಿಂದಲ್ಲ.

ಕೇಳೋರು ಕೇಳ್ತಾರೆ: ಸ್ವಾಮಿ, ಬಿಸಿನೆಸ್ಸಿಗೆ ಆರು ವರ್ಷ ಕ್ವೇಸಾರ್ ನೋಡ್ತಾ ಕೂರೋಕಾಗುತ್ತಾ? ನಾಳೆ ಬೆಳಗ್ಗೆ ನಿರ್ಧಾರ ತಗೋಬೇಕು. ನಿಜ, ತಗೊಳ್ಳಿ. ವ್ಯಾಪ್ತಿ ಗೊತ್ತಿದ್ದರೆ ನಿರ್ಧಾರ ನಿಲ್ಲಲ್ಲ, ಬದಲಾಗುತ್ತೆ. ಬಸವನಗುಡಿಯಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ಅಂತ ಮಾತ್ರ ಹೇಳಿದರೆ ಒಂದು ಹೊತ್ತಿಗೆ ಹೊರಡ್ತೀರಿ, ಒಂದರಿಂದ ಎರಡೂವರೆ ಗಂಟೆ ಅಂದರೆ ಬೇರೆ ಹೊತ್ತಿಗೆ ಹೊರಡ್ತೀರಿ. ಪ್ರಯಾಣ ಎರಡರಲ್ಲೂ ಆಗುತ್ತೆ, ಒಂದರಲ್ಲಿ ಮಾತ್ರ ವಿಮಾನ ಸಿಗುತ್ತೆ. 3ರಿಂದ 25 ಅಂತ ಆ ಸ್ಲೈಡಿನಲ್ಲಿ ಇದ್ದಿದ್ದರೆ ಬಾಟ್ ತಂದು ಮೂರು ತಿಂಗಳು ನೋಡಿ, ಆಮೇಲೆ ತಂಡದ ವಿಷಯ ಎತ್ತಬಹುದಿತ್ತು. ಹಾಗೆ ಮಾಡ್ತಿದ್ದರೋ ಇಲ್ಲವೋ, ಆಯ್ಕೆಯಂತೂ ಅವರ ಮುಂದೆ ಇರ್ತಿತ್ತು. ಆ ಆಯ್ಕೆಯನ್ನು ಕಿತ್ತುಕೊಂಡವನು ನಾನು.

ಇನ್ನೊಂದು ಆಕ್ಷೇಪಣೆ ಇದೆ, ಅದು ಇನ್ನೂ ಗಟ್ಟಿ. ಹೆಚ್ಚೂಕಮ್ಮಿ ಅನ್ನೋದು ನಮ್ಮಲ್ಲಿ ಸೋಮಾರಿಗಳ ಮಾತು. ಕಂಟ್ರಾಕ್ಟರು "ಹೆಚ್ಚೂಕಮ್ಮಿ ಎರಡು ತಿಂಗಳು ಸಾರ್" ಅಂದರೆ ಅದರ ಅರ್ಥ ನಮಗೆಲ್ಲ ಗೊತ್ತು. ಸಿಗರೇಟಿನ ಕಂಪನಿಗಳು ದಶಕಗಳ ಕಾಲ "ಇನ್ನೂ ಖಚಿತವಾಗಿಲ್ಲ" ಅಂತಲೇ ಹೊಗೆ ಮಾರಿದವು. ಒಪ್ಪುತ್ತೀನಿ. ಅದಕ್ಕೇ ಕೋರಮಂಗಲದವರ 3.3 ದಿನವನ್ನು ಮತ್ತೆ ನೋಡಿ ಅನ್ನೋದು. ಬಾಯಿಗೆ ಬಂದದ್ದನ್ನು ಹೇಳಿ ಜಾರಿಕೊಂಡವರ ಬಾಲ ಅಲ್ಲ ಅದು. ಆರು ವರ್ಷ, 443 ಸಲ, ಐದು ವಿಧಾನ ಆದ ಮೇಲೆ ಉಳಿದ 3.3. ಎಷ್ಟು ಗೊತ್ತಿಲ್ಲ ಅಂತ ಹೇಳೋಕೂ ಕೆಲಸ ಮಾಡಬೇಕು, ಗೊತ್ತಿದೆ ಅಂತ ಹೇಳೋದಕ್ಕಿಂತ ಹೆಚ್ಚೇ ಮಾಡಬೇಕು. ಕಂಟ್ರಾಕ್ಟರಿನ ಹೆಚ್ಚೂಕಮ್ಮಿಗೂ ಇದಕ್ಕೂ ಇರುವ ವ್ಯತ್ಯಾಸ ಆ ದುಡಿಮೆ.

ಇದು ನಮ್ಮ ಏರಿಯಾಗೆ ಹೊಸ ಪಾಠವೇನಲ್ಲ. ಆ ಮೆಟ್ರೋ ನಿಲ್ದಾಣಕ್ಕೆ ಯಾವ ಕಾಲೇಜಿನ ಹೆಸರಿದೆಯೋ, ಆ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು ಭೌತಶಾಸ್ತ್ರ ಹೇಳಿಕೊಡುತ್ತಿದ್ದರು. 1962ರಲ್ಲಿ ಅಲ್ಲೇ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು, ಯಾರು ಬೇಕಾದರೂ ಬಂದು ಕೂತು ವಿಜ್ಞಾನ ಕೇಳಲಿ, ಪ್ರಶ್ನೆ ಮಾಡಲಿ ಅಂತ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದರು. ಅವರ ಬೇಡಿಕೆ ಸರಳ: ನೀವು ಹೇಳೋದನ್ನ ನಾವು ಪರೀಕ್ಷಿಸೋ ಸ್ಥಿತಿಯಲ್ಲಿ ಮಾಡಿ ತೋರಿಸಿ. ಗಾಳಿಯಲ್ಲಿ ಕೈಯಾಡಿಸಿ ವಿಭೂತಿ ತೆಗೆಯೋರನ್ನ ನೋಡಿ ನಗೋದು ಇವತ್ತು ನಮಗೆ ಸುಲಭ. ಎರಡು ವಾರದ ದತ್ತಾಂಶ ಮಾಯ ಮಾಡಿ 21 ತೆಗೆಯೋ ಪವಾಡಕ್ಕೆ ಮಾತ್ರ ನಾವು ಇನ್‌ಕ್ರಿಮೆಂಟ್ ತಗೊಳ್ತೀವಿ.

ತೆರಿಗೆ ದುಡ್ಡಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ವಿಶ್ವ 67ರಲ್ಲಿ ಹಿಗ್ಗಿದರೂ 73ರಲ್ಲಿ ಹಿಗ್ಗಿದರೂ ಗಾಂಧಿಬಜಾರಿನಲ್ಲಿ ಅವರೆಕಾಯಿ ಬೆಲೆ ಇಳಿಯಲ್ಲ. ಆದರೆ ತನಗೆ ತಾನು ಸುಳ್ಳು ಹೇಳಿಕೊಳ್ಳದೆ ಅಳೆಯೋದು ಹೇಗೆ ಅನ್ನೋದನ್ನ ಒಂದಿಷ್ಟು ಜನ ಹೊಸಕೋಟೆಯಲ್ಲಿ ರಾತ್ರಿಯಿಡೀ ಕೂತು ಅಭ್ಯಾಸ ಮಾಡ್ತಿದ್ದಾರೆ. ಆ ವಿದ್ಯೆ ಊರಿಗೆ ಬೇಕು. ನನ್ನ ತೆರಿಗೆ ಅಲ್ಲಿಗೆ ಹೋದರೆ ನನಗೆ ಸಂತೋಷ.

ಊರಿನ ಇನ್ನೊಂದು ತುದಿ ನೋಡಿ, ಹೆಸರಘಟ್ಟದ ಕಡೆ ಶಿವಕೋಟೆ. ಅಲ್ಲಿರುವ ಐಸಿಟಿಎಸ್ ಸಂಸ್ಥೆಯ ಸೌವಿಕ್ ಜಾನಾ, ಪರಮೇಶ್ವರನ್ ಅಜಿತ್ ಮತ್ತು ಬೇರೆಡೆಯ ಇಬ್ಬರು ಸಂಗಾತಿಗಳು 2023ರಲ್ಲಿ ಇನ್ನೊಂದು ದಾರಿ ತೋರಿಸಿದರು. ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಬರುವ ಗುರುತ್ವ ಅಲೆಗಳೂ ಮಸೂರದಲ್ಲಿ ಬೈಟು ಆಗಿ ತಡವಾಗಿ ಎರಡನೇ ಸಲ ಬರುತ್ತವೆ. ಅಂಥವು ಎಷ್ಟು ಬಂದವು, ತಡ ಎಷ್ಟೆಷ್ಟು ಇತ್ತು ಅಂತ ಒಟ್ಟಾರೆ ಲೆಕ್ಕ ಇಟ್ಟರೆ ಸಾಕು, ಹಿಗ್ಗುವ ದರ ತಿಳಿಯಬಹುದು. ಒಂದೊಂದು ಡಿಕ್ಕಿಯೂ ಆಕಾಶದಲ್ಲಿ ಎಲ್ಲಿ ಆಯಿತು ಅಂತ ಹುಡುಕಬೇಕಾಗಿಲ್ಲ. ಇದಕ್ಕೆ ಬೇಕಾದ ದತ್ತಾಂಶ ಕೊಡುವ ಯಂತ್ರಗಳನ್ನು ಇನ್ನೂ ಕಟ್ಟಬೇಕು. ಮಸೂರದ ಮೂಲಕ ಬಂದದ್ದೆಂದು ಖಚಿತವಾದ ಒಂದೇ ಒಂದು ಅಲೆಯೂ ಇವತ್ತಿನವರೆಗೆ ಸಿಕ್ಕಿಲ್ಲ. ರೆಫ್ಸ್‌ಡಾಲ್ ಕೂಡ ಹೀಗೇ ಬರೆದಿಟ್ಟು ಹೋಗಿದ್ದು. ಅವರು ಊಹಿಸಿದಂತೆ ಮಸೂರದಲ್ಲಿ ಹಲವು ಬಿಂಬವಾಗಿ ಕಂಡ ಸೂಪರ್‌ನೋವಾ ಮೊದಲು ಸಿಕ್ಕಿದ್ದು 2014ರಲ್ಲಿ, ಅವರು ತೀರಿಕೊಂಡು ಐದು ವರ್ಷದ ಮೇಲೆ. ಅದಕ್ಕೆ ಅವರದೇ ಹೆಸರಿಟ್ಟರು. ಇನ್ನೊಂದು ಬಿಂಬ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಕಾದರು, 2015ರ ಡಿಸೆಂಬರಿನಲ್ಲಿ ಬಂತು. ಅದರಿಂದ 2023ರಲ್ಲಿ ಸಿಕ್ಕ ದರ 66.6, ಬಾಲ ಒಂದು ಕಡೆ 4.1, ಇನ್ನೊಂದು ಕಡೆ 3.3. ಜಗಳ ಇನ್ನೂ ಮುಗಿದಿಲ್ಲ.

ನಾನು ಏನು ಮಾಡಿದೆ ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. ಆ ಹನ್ನೊಂದು ಜನರಿಗೆ ಕೆಲಸ ವಾಪಸ್ ಕೊಡಿಸೋ ಶಕ್ತಿ ನನಗಿಲ್ಲ. ಮ್ಯಾನೇಜರಿಗೆ ಒಂದು ಮೇಲ್ ಬರೆದೆ: ಹೋದ ವರ್ಷದ ಅಂದಾಜು 14 ಇತ್ತು, ವ್ಯಾಪ್ತಿ 3ರಿಂದ 25, ಎರಡು ವಾರ ತೆಗೆದದ್ದು ನಾನು, ತೆಗೆಯೋಕೆ ಸರಿಯಾದ ಕಾರಣ ಇರಲಿಲ್ಲ. ಉತ್ತರ ಬಂದಿಲ್ಲ. ಈ ತ್ರೈಮಾಸಿಕದ ಅಂದಾಜಿಗೆ ಕೂರೋ ಮುಂಚೆ ಯಾವ ವಾರ ಸೇರಿಸಬೇಕು, ಯಾವುದು ಬಿಡಬೇಕು, ಯಾಕೆ ಅಂತ ಬರೆದು ಎಲ್ಲರಿಗೂ ಕಳಿಸಿದೆ. ಆಮೇಲೇ ಸಂಖ್ಯೆ ನೋಡಿದ್ದು. ವ್ಯಾಪ್ತಿ ಸಮೇತ ಸ್ಲೈಡು ಕಳಿಸಿದೆ. ಒಂದೇ ಸಂಖ್ಯೆ ಹಾಕಿ ಅಂತ ವಾಪಸ್ ಬಂತು. ಮತ್ತೆ ವ್ಯಾಪ್ತಿ ಸಮೇತ ಕಳಿಸಿದ್ದೀನಿ.

ಚಿಕ್ಕಪ್ಪ ಆ ಫಾರ್ವರ್ಡನ್ನು ಗುಂಪಿನಿಂದ ತೆಗೆಯಲಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: "ತಾಳೆ ಆಗೋವರೆಗೂ ಕೂತಿದ್ದಾರಂತೆ, ಒಳ್ಳೇದು." ಅದಕ್ಕೆ ಇಬ್ಬರು ಹೆಬ್ಬೆರಳು ಎತ್ತಿದ್ದಾರೆ. ಒಬ್ಬ ನಾನು, ಇನ್ನೊಬ್ಬರು ಚಿಕ್ಕಮ್ಮ.